13 ವರ್ಷದ ಮಗಳನ್ನು ಫುಲ್ ಕಾಂಟ್ಯಾಕ್ಟ್ ಆಡಿಸಬಹುದಾ? ಯಾವ ಹೆಡ್‌ಗಾರ್ಡ್ ತಗೊಳ್ಳಲಿ?

ಬೆಣ್ಣೆದೋಸೆ ಅಪ್ಪ

ಎಲ್ಲರಿಗೂ ನಮಸ್ಕಾರ. ದಾವಣಗೆರೆಯಿಂದ ಬರೆಯುತ್ತಿದ್ದೇನೆ. ಮಗಳಿಗೆ 13 ವರ್ಷ, ಎಂಟನೇ ಕ್ಲಾಸು, ತೂಕ 39 ಕೆಜಿ. ಎರಡು ವರ್ಷದಿಂದ ಕಿಕ್ ಬಾಕ್ಸಿಂಗ್ ಕಲಿಯುತ್ತಿದ್ದಾಳೆ. ಇಲ್ಲಿವರೆಗೂ ಆಡಿದ್ದೆಲ್ಲ ಲೈಟ್ ಕಾಂಟ್ಯಾಕ್ಟ್, ಮ್ಯಾಟ್ ಮೇಲೆ. ಅದರಲ್ಲಿ ಜೋರಾಗಿ ಹೊಡೆದರೆ ರೆಫರಿಯೇ ಬೈಯುತ್ತಾರೆ. ಎರಡು ಬೆಳ್ಳಿ, ಒಂದು ಕಂಚು ತಂದಿದ್ದಾಳೆ.

ಈಗ ಅವಳ ಮಾಸ್ಟರ್, ಮುಂದಿನ ತಿಂಗಳು ಒಂದು ಓಪನ್ ಟೂರ್ನಮೆಂಟ್ ಇದೆ, ಫುಲ್ ಕಾಂಟ್ಯಾಕ್ಟ್‌ಗೆ ಹೆಸರು ಕೊಡೋಣ ಅಂದಿದ್ದಾರೆ. ಕೆ-1 ರೂಲ್ಸ್. ಮುಖಕ್ಕೆ ಪಂಚ್, ತಲೆಗೆ ಕಿಕ್, ಮೊಣಕಾಲು, ಎಲ್ಲ ನಡೆಯುತ್ತದೆ. ಮಗಳಂತೂ ನೆಲದ ಮೇಲೆ ಇಲ್ಲ. ಫಾರ್ಮ್ ಮನೆಗೆ ಬಂದಿದೆ. ಕೊನೆಯ ಸಾಲಿನಲ್ಲಿ "ಗಾಯ ಅಥವಾ ಪ್ರಾಣಹಾನಿಗೆ ಆಯೋಜಕರು ಹೊಣೆಯಲ್ಲ" ಎಂದು ಬರೆದು ಕೆಳಗೆ ಪೋಷಕರ ಸಹಿಗೆ ಜಾಗ ಬಿಟ್ಟಿದ್ದಾರೆ. ನನ್ನ ಹೆಂಡತಿ ಅದನ್ನು ಓದಿದವಳೇ ಫ್ರಿಡ್ಜ್ ಮೇಲೆ ಇಟ್ಟು, ಅದರ ಮೇಲೊಂದು ಅವಲಕ್ಕಿ ಡಬ್ಬಿ ಹೇರಿದ್ದಾಳೆ. ಮೂರು ದಿನದಿಂದ ಯಾರೂ ಡಬ್ಬಿ ಮುಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಒಳ್ಳೆಯ ಹೆಡ್‌ಗಾರ್ಡ್ ಹಾಕಿಸಿದರೆ ಸಾಕಾ? ಯಾವುದು ತಗೊಳ್ಳಬೇಕು? ಮಾಸ್ಟರ್ ಹತ್ತಿರ ಇರುವುದು ಹಳೆಯದು, ಒಳಗಿನ ಸ್ಪಂಜು ಹಪ್ಪಳ ಆಗಿದೆ.

ಎರಡು ಮಕ್ಕಳ ತಂದೆ

ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ ಸರ್. ಲೆದರ್ ಬಾಲ್ ಕ್ರಿಕೆಟ್‌ನಲ್ಲಿ ಏಟು ಬೀಳಲ್ವಾ? ಸ್ಕೂಟಿಯಲ್ಲಿ ಟ್ಯೂಷನ್‌ಗೆ ಹೋಗುವುದು ಇದಕ್ಕಿಂತ ಅಪಾಯ. ಹೆಣ್ಣು ಮಕ್ಕಳಿಗೆ ಧೈರ್ಯ ಬರಲಿ. ಒಳ್ಳೆಯ ಹೆಡ್‌ಗಾರ್ಡ್, ಒಳ್ಳೆಯ ಗಮ್‌ಶೀಲ್ಡ್ ಕೊಡಿಸಿ ಕಳಿಸಿ.

ರಾತ್ರಿಪಾಳಿ

ನಾನು ನರ್ಸ್. ಒಂಬತ್ತು ವರ್ಷದಿಂದ ನ್ಯೂರೋ ಐಸಿಯುನಲ್ಲಿ ಕೆಲಸ. ಹೆಡ್‌ಗಾರ್ಡ್ ವಿಷಯ ಮೊದಲು ಮುಗಿಸಿಬಿಡುತ್ತೇನೆ.

ಹೆಡ್‌ಗಾರ್ಡ್ ಹುಬ್ಬು ಸೀಳುವುದನ್ನು ತಡೆಯುತ್ತದೆ. ಕಿವಿ, ಕೆನ್ನೆ ಮೂಳೆ ಉಳಿಸುತ್ತದೆ. ಹುಡುಗಿ ಬಿದ್ದಾಗ ತಲೆ ನೆಲಕ್ಕೆ ಬಡಿದರೆ ಒಂದಿಷ್ಟು ಏಟು ತಾನು ತಿನ್ನುತ್ತದೆ. ಮಿದುಳಿಗೆ ಆಗುವ ಪೆಟ್ಟನ್ನು ಅದು ತಡೆಯುವುದಿಲ್ಲ. ಮೊಸರಿನ ಡಬ್ಬಿಗೆ ಟವೆಲ್ ಸುತ್ತಿ ಗಕ್ಕನೆ ತಿರುಗಿಸಿ ನೋಡಿ. ಡಬ್ಬಿಗೆ ಏನೂ ಆಗಿರುವುದಿಲ್ಲ, ಒಳಗಿನ ಗಟ್ಟಿ ಮೊಸರು ಒಡೆದಿರುತ್ತದೆ. ದವಡೆಗೆ ಪಕ್ಕದಿಂದ ಬೀಳುವ ಪಂಚ್ ಮಾಡುವುದು ಇದನ್ನೇ. ತಲೆ ಸರ್ರನೆ ತಿರುಗುತ್ತದೆ, ಮಿದುಳು ಅದೇ ವೇಗದಲ್ಲಿ ತಿರುಗುವುದಿಲ್ಲ. ಮಿದುಳಿನ ಮೇಲಿನ ಸಣ್ಣ ರಕ್ತನಾಳ ಹರಿದರೆ ಬುರುಡೆ ಒಳಗೇ ರಕ್ತ ತುಂಬುತ್ತದೆ. ಸಬ್‌ಡ್ಯೂರಲ್ ರಕ್ತಸ್ರಾವ ಅಂತಾರೆ. ರಿಂಗಿನಲ್ಲಿ ಆದ ಸಾವುಗಳಲ್ಲಿ ಹೆಚ್ಚಿನವಕ್ಕೆ ಇದೇ ಕಾರಣ.

ಗಮ್‌ಶೀಲ್ಡ್ ಹಲ್ಲಿಗೆ. ಖಂಡಿತ ಹಾಕಿಸಿ, ಬಿಸಿ ನೀರಲ್ಲಿ ಅದ್ದಿ ಅವಳ ಹಲ್ಲಿನ ಅಳತೆಗೆ ಕಚ್ಚಿಸಿ ಕೂರಿಸಿ. ಆದರೆ ಅದೂ ಮಿದುಳಿನ ಕಾವಲಿಗೆ ಅಂತ ನಂಬಬೇಡಿ.

ಕ್ರಿಕೆಟ್ ಹೋಲಿಕೆ ಬಗ್ಗೆ: ಕ್ರಿಕೆಟ್‌ನಲ್ಲಿ ತಲೆಗೆ ಬಾಲ್ ಬಿದ್ದರೆ ಅದು ಅಪಘಾತ. ಇಲ್ಲಿ ತಲೆಗೆ ಹೊಡೆದರೆ ಪಾಯಿಂಟ್. ಮಕ್ಕಳ ಡಾಕ್ಟರ್‌ಗಳ ದೊಡ್ಡ ಸಂಘಗಳಾದ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ ಮತ್ತು ಕೆನಡಾದ ಪೀಡಿಯಾಟ್ರಿಕ್ ಸೊಸೈಟಿ 2011ರಲ್ಲೇ ಒಟ್ಟಿಗೆ ಹೇಳಿದವು, ಮಕ್ಕಳಿಗೂ ಹದಿಹರೆಯದವರಿಗೂ ಬಾಕ್ಸಿಂಗ್ ಬೇಡ ಅಂತ. ಅವರ ತಕರಾರು ಆಟದ ಬಗ್ಗೆ ಅಲ್ಲ, ತಲೆಯನ್ನೇ ಗುರಿ ಮಾಡುವುದರ ಬಗ್ಗೆ.

ಬೆಣ್ಣೆದೋಸೆ ಅಪ್ಪ

ಸಿಸ್ಟರ್, ಮೊಸರಿನ ಮಾತು ಓದಿ ಹೊಟ್ಟೆ ತೊಳಸಿತು. ಹಾಗಾದರೆ ಟಿವಿಯಲ್ಲಿ ಒಲಿಂಪಿಕ್ಸ್ ಗಂಡಸರು ಹೆಡ್‌ಗಾರ್ಡ್ ಇಲ್ಲದೆ ಆಡುವುದು ಇದಕ್ಕೇನಾ?

ನೀಲಿ ಕಾರ್ನರ್

ಅದಕ್ಕೆ ನಾನು ಹೇಳುತ್ತೇನೆ. ಬಾಕ್ಸಿಂಗ್ ರೆಫರಿ ಕಂ ಜಡ್ಜ್ ಆಗಿ ತುಂಬ ವರ್ಷ ನಿಂತಿದ್ದೇನೆ. ದೊಡ್ಡವರ ಪುರುಷರ ವಿಭಾಗದಲ್ಲಿ 2013ರಿಂದ ಹೆಡ್‌ಗಾರ್ಡ್ ತೆಗೆದರು, 2016ರ ರಿಯೊದಲ್ಲಿ ನೀವು ನೋಡಿದ್ದು ಅದನ್ನೇ. ಆ ನಿರ್ಧಾರದ ಬಗ್ಗೆ ಇವತ್ತಿಗೂ ಜಗಳ ಇದೆ. ಮಕ್ಕಳಿಗೆ ಮಾತ್ರ ತೆಗೆದಿಲ್ಲ, ತೆಗೆಯಲೂ ಬಾರದು.

ನೋಡಿ, ಬಾಕ್ಸಿಂಗ್‌ನಲ್ಲಿ ವಯಸ್ಸಿನ ಮೆಟ್ಟಿಲು ಇದೆ. 13-14 ಒಂದು ಗುಂಪು, 15-16 ಜೂನಿಯರ್, 17-18 ಯೂತ್. ಚಿಕ್ಕವರಿಗೆ ಒಂದೂವರೆ ನಿಮಿಷದ ಮೂರು ರೌಂಡ್, ಜೂನಿಯರ್‌ಗೆ ಎರಡು ನಿಮಿಷದ ಮೂರು, ಯೂತ್‌ಗೆ ಮೂರು ನಿಮಿಷದ ಮೂರು. ಏಟು ತಿಂದು ತೂರಾಡಿದರೆ ನಿಂತಿದ್ದಾಗಲೇ ಎಂಟರವರೆಗೆ ಎಣಿಸುತ್ತೇವೆ, ಕಣ್ಣು ನೋಡುತ್ತೇವೆ, ಅನುಮಾನ ಬಂದರೆ ನಿಲ್ಲಿಸುತ್ತೇವೆ. ತಲೆ ಏಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ರಿಂಗ್ ಹತ್ತುವಂತಿಲ್ಲ. ಮೂರು ತಿಂಗಳಲ್ಲಿ ಎರಡು ಸಲ ಆದರೆ 90 ದಿನ. ಹನ್ನೆರಡು ತಿಂಗಳಲ್ಲಿ ಮೂರು ಸಲ ಆದರೆ ಒಂದು ವರ್ಷ. ಆ ದಿನಗಳಲ್ಲಿ ಸ್ಪಾರಿಂಗ್, ಅಂದರೆ ಎದುರಾಳಿ ನಿಲ್ಲಿಸಿ ಮಾಡುವ ಪ್ರಾಕ್ಟೀಸ್ ಕೂಡ ಇಲ್ಲ. ಬಾಕ್ಸರ್‌ನ ರೆಕಾರ್ಡ್ ಬುಕ್‌ನಲ್ಲಿ ಅದನ್ನು ಬರೆಯುತ್ತಾರೆ.

ಈ ರೂಲ್ಸ್ ಕಾಗದದಲ್ಲಿ ಚೆನ್ನಾಗಿದೆ. ನಿಜವಾದ ತೂತು ಎಲ್ಲಿದೆ ಗೊತ್ತಾ? ಒಂದು ಬುಕ್ ಇನ್ನೊಂದು ಅಸೋಸಿಯೇಷನ್‌ಗೆ ಹೋಗುವುದಿಲ್ಲ. ಈ ಭಾನುವಾರ ಒಂದು ಕಡೆ ಬಾಕ್ಸಿಂಗ್‌ನಲ್ಲಿ ಉರುಳಿದ ಹುಡುಗ ಮುಂದಿನ ಭಾನುವಾರ ಮತ್ತೊಂದು ಊರಲ್ಲಿ ಕಿಕ್ ಬಾಕ್ಸಿಂಗ್ ಆಡುತ್ತಾನೆ. ಅದರಾಚೆ ವಾರ ಇನ್ನೊಂದು ಹೆಸರಿನ ಆಟ. ಯಾರೂ ಕೇಳುವುದಿಲ್ಲ. ಹುಡುಗ ಹೇಳುವುದಿಲ್ಲ. ಹೇಳಿದರೆ ಆಡಿಸುವುದಿಲ್ಲ ಅಂತ ಅವನಿಗೂ ಗೊತ್ತು.

ಗರಡಿ ಮಣ್ಣು

ಮೈಸೂರಿನವನು. ಅಜ್ಜನ ಕಾಲದಿಂದ ಗರಡಿ ಮನೆ. ನಿಮ್ಮ ಪಂಚು ಕಿಕ್ಕು ನನಗೆ ಗೊತ್ತಿಲ್ಲ, ಆದರೆ ಒಂದು ಮಾತು.

ಅಣ್ಣಾ, ನೀವು ತಲೆಗೆ ಏನು ಹಾಕಿಸಲಿ ಅಂತ ಕೇಳುತ್ತಾ ಇದ್ದೀರಿ. ನಮ್ಮಲ್ಲಿ ಮೊದಲು ಕೇಳುವುದು, ಜೋಡಿ ಯಾರು?

ದಸರಾ ಕುಸ್ತಿಗೆ ಮೊದಲು ಜೋಡಿ ಕಟ್ಟುವುದಕ್ಕೆ ಅಂತಲೇ ಒಂದು ದಿನ ಇಡುತ್ತಾರೆ. ಪೈಲ್ವಾನರು ಬರುತ್ತಾರೆ, ಲಂಗೋಟಿಯಲ್ಲಿ ಎದುರುಬದುರು ನಿಲ್ಲಿಸುತ್ತಾರೆ. ತೂಕ ಒಂದೇ ಅಲ್ಲ. ಕತ್ತು ನೋಡುತ್ತಾರೆ, ಭುಜ ನೋಡುತ್ತಾರೆ, ಎಷ್ಟು ಕುಸ್ತಿ ಹಿಡಿದಿದ್ದಾನೆ ಅಂತ ಕೇಳುತ್ತಾರೆ, ಯಾವ ಗರಡಿ, ಉಸ್ತಾದ್ ಯಾರು ಅಂತ ಕೇಳುತ್ತಾರೆ. ಉಸ್ತಾದ್‌ಗೆ ಒಪ್ಪಿಗೆ ಇಲ್ಲದಿದ್ದರೆ "ಈ ಜೋಡಿ ಬೇಡ" ಅನ್ನುತ್ತಾರೆ. ಅದರಲ್ಲಿ ಯಾರಿಗೂ ಅವಮಾನ ಇಲ್ಲ. ಹಾಗೆ ಅಂದಿದ್ದಕ್ಕೆ ನನ್ನ ಅಜ್ಜನನ್ನು ಯಾರೂ ಹೇಡಿ ಅನ್ನಲಿಲ್ಲ.

ಜೋಡಿ ಸರಿಯಾಗಿ ಕಟ್ಟಿದರೆ ಅರ್ಧ ಅಪಾಯ ಅಲ್ಲೇ ಹೋಯಿತು. ತಪ್ಪು ಜೋಡಿಗೆ ಯಾವ ಹೆಡ್‌ಗಾರ್ಡೂ ಸಾಲದು.

ಹಳೇ ಲೈಟ್‌ವೇಟ್

ಗರಡಿ ಅಣ್ಣ ಹೇಳಿದ್ದು ನೂರಕ್ಕೆ ನೂರು. ಅದರಲ್ಲೂ ಹುಡುಗಿಯರ ವಿಭಾಗದಲ್ಲಿ ಇದು ದೊಡ್ಡ ತಲೆನೋವು. ಎಂಟ್ರಿ ಕಡಿಮೆ ಬರುತ್ತದೆ. 40 ಕೆಜಿಗೆ ಒಬ್ಬಳು, 46ಕ್ಕೆ ಒಬ್ಬಳು. ಮೆಡಲ್ ಕೊಡಬೇಕಲ್ಲ, ಬೆಳಿಗ್ಗೆ ತೂಕ ಹಾಕಿದ ಮೇಲೆ "ಎರಡು ಕ್ಯಾಟಗರಿ ಸೇರಿಸಿದ್ದೇವೆ, ಅಡ್ಜಸ್ಟ್ ಮಾಡ್ಕೊಳ್ಳಿ" ಅನ್ನುತ್ತಾರೆ. 39 ಕೆಜಿ ಮಗುವಿಗೆ 6 ಕೆಜಿ ಅಂದರೆ ಎಷ್ಟು ಅಂತ ಲೆಕ್ಕ ಹಾಕಿ ಸರ್. ನೀವು 75 ಕೆಜಿ ಇದ್ದರೆ, 87 ಕೆಜಿಯವನ ಹತ್ತಿರ ಒದೆ ತಿಂದ ಹಾಗೆ.

ಇನ್ನೊಂದು ವಯಸ್ಸಿನ ಮೋಸ. ಹೊಸದೇನಲ್ಲ. ಇದಕ್ಕೆ ಅಂತಲೇ ಕೇಂದ್ರ ಕ್ರೀಡಾ ಇಲಾಖೆ 2010ರಲ್ಲಿ ಒಂದು ನಿಯಮಾವಳಿ ತಂದಿತು. ಅನುಮಾನ ಬಂದರೆ ಎಡಗೈ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ಬೆಳವಣಿಗೆ ನೋಡುತ್ತಾರೆ. ಓಟದಲ್ಲಿ ವಯಸ್ಸು ಕದ್ದರೆ ನಿಮ್ಮ ಮಗಳ ಮೆಡಲ್ ಹೋಗುತ್ತದೆ. ರಿಂಗಿನಲ್ಲಿ ಕದ್ದರೆ 16 ವರ್ಷದ ಹುಡುಗಿಯ ಕೈಗೆ 13 ವರ್ಷದವಳ ತಲೆ ಸಿಗುತ್ತದೆ. ಓಪನ್ ಟೂರ್ನಮೆಂಟ್‌ಗಳಲ್ಲಿ ಆಧಾರ್ ಜೆರಾಕ್ಸ್ ನೋಡಿದರೆ ಅದೇ ದೊಡ್ಡದು.

ನನ್ನ ಕಥೆ ಸ್ವಲ್ಪ ಹೇಳುತ್ತೇನೆ, ಬೇಜಾರಾದರೆ ಮುಂದಕ್ಕೆ ಹೋಗಿ. ನನಗೆ ಹೆಚ್ಚು ಏಟು ಬಿದ್ದಿದ್ದು ಪಂದ್ಯದಲ್ಲಿ ಅಲ್ಲ, ಪ್ರಾಕ್ಟೀಸ್‌ನಲ್ಲಿ. 15ನೇ ವಯಸ್ಸು. ಶನಿವಾರ ಸಂಜೆ ಎಂದರೆ ಸೀನಿಯರ್‌ಗಳ ಜೊತೆ ಸ್ಪಾರಿಂಗ್. "ತಿಂದು ಗಟ್ಟಿಯಾಗಬೇಕು" ಎನ್ನುವುದು ಆ ಜಿಮ್ಮಿನ ಮಂತ್ರ. ಒಂದು ಶನಿವಾರ ಮನೆಗೆ ಹೋಗುವ ದಾರಿ ಮರೆತು ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ನಮ್ಮ ಬೀದಿಯ ಹೂವಿನಮ್ಮ ಗುರುತು ಹಿಡಿದು ಕರೆದುಕೊಂಡು ಹೋದರು. ಸೋಮವಾರ ಮತ್ತೆ ಜಿಮ್ಮಿಗೆ ಹೋದೆ. ಮನೆಯಲ್ಲಿ ಹೇಳಲಿಲ್ಲ. ಮಾಸ್ಟರ್‌ಗೆ ಹೇಳಿದೆ, ಅವರು ನಕ್ಕು ಗ್ಲೂಕೋಸ್ ಕುಡಿಸಿದರು.

ಹಾಗಾಗಿ ಪಂದ್ಯದ ದಿನದ ಬಗ್ಗೆ ಮಾತ್ರ ಕೇಳಬೇಡಿ. ವಾರಕ್ಕೆ ಎಷ್ಟು ದಿನ ಸ್ಪಾರಿಂಗ್, ಯಾರ ಜೊತೆ, ತಲೆಗೆ ಎಷ್ಟು ಜೋರು, ಅದನ್ನು ಕೇಳಿ. ಸಂಜೆ ಹೋಗಿ ಕೂತು ನೋಡಿ. ಒಳಗೆ ಬಿಡುವುದಿಲ್ಲ ಅಂದರೆ ಉತ್ತರ ಸಿಕ್ಕಿತು ಅಂತಲೇ ತಿಳಿಯಿರಿ.

ಎರಡು ಮಕ್ಕಳ ತಂದೆ

ಎಲ್ಲರೂ ಸೇರಿ ಹೆದರಿಸುತ್ತಿದ್ದೀರಿ. ಥಾಯ್ಲೆಂಡ್‌ನಲ್ಲಿ ಎಂಟು ವರ್ಷದ ಮಕ್ಕಳು ಆಡುತ್ತಾರೆ. ಅವರಿಗೇನಾಗಿದೆ?

ರಾತ್ರಿಪಾಳಿ

ಏನಾಗಿದೆ ಅಂತ ಹೇಳುತ್ತೇನೆ. 2018ರ ನವೆಂಬರ್‌ನಲ್ಲಿ ಬ್ಯಾಂಕಾಕ್ ಪಕ್ಕದ ಸಮುತ್ ಪ್ರಾಕಾನ್‌ನಲ್ಲಿ 13 ವರ್ಷದ ಹುಡುಗ ಮುವಾಯ್ ಥಾಯ್ (ಅಲ್ಲಿನ ಕಿಕ್ ಬಾಕ್ಸಿಂಗ್) ಪಂದ್ಯದಲ್ಲಿ ಬಿದ್ದ. ಹೆಡ್‌ಗಾರ್ಡ್ ಇರಲಿಲ್ಲ. ಮಿದುಳಿನಲ್ಲಿ ರಕ್ತಸ್ರಾವ ಆಗಿ ತೀರಿಕೊಂಡ. ಎಂಟನೇ ವಯಸ್ಸಿನಿಂದ ಆಡುತ್ತಿದ್ದ, ಅಷ್ಟರಲ್ಲಿ 170ಕ್ಕೂ ಹೆಚ್ಚು ಪಂದ್ಯ ಆಗಿತ್ತು. ನಿಮ್ಮ ಮಗಳ ವಯಸ್ಸೇ, ಬೆಣ್ಣೆದೋಸೆ ಅವರೇ. ಅಲ್ಲಿನ 1999ರ ಬಾಕ್ಸಿಂಗ್ ಕಾಯ್ದೆಯಲ್ಲಿ 15 ವರ್ಷದ ಮಿತಿ ಇದೆ. ಆದರೆ ಅಪ್ಪ ಅಮ್ಮ ಒಪ್ಪಿದರೆ ಚಿಕ್ಕವರೂ ಆಡಬಹುದು. 12ರ ಒಳಗಿನವರಿಗೆ ಪೂರ್ತಿ ನಿಷೇಧ ಹಾಕುವ ಕರಡು ಬಂದಾಗ ಆಟದ ಕಡೆಯವರೇ ಅಡ್ಡ ನಿಂತರು. ಕಾರಣ ಬಡತನ. ಹುಡುಗನ ಪಂದ್ಯದ ದುಡ್ಡಿನಲ್ಲಿ ಮನೆ ನಡೆಯುತ್ತದೆ.

ನಮ್ಮಲ್ಲಿ ಆ ದುಡ್ಡಿನ ಜಾಗದಲ್ಲಿ ಸರ್ಟಿಫಿಕೇಟ್ ಇದೆ.

ಕಿಕ್ ಮಾಸ್ಟರ್ 77

ನಾನು ಇದೇ ಕಸುಬಿನವನು, ಮಕ್ಕಳಿಗೆ ಕಲಿಸುತ್ತೇನೆ. ಎಲ್ಲ ಮಾಸ್ಟರ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಸಿಸ್ಟರ್ ಹೇಳಿದ ಸರ್ಟಿಫಿಕೇಟ್ ಮಾತು ನಿಜ. ನನ್ನ ಹತ್ತಿರ ಬರುವ ಹತ್ತು ಪೋಷಕರಲ್ಲಿ ಆರು ಜನ ಮೊದಲ ದಿನವೇ ಕೇಳುವುದು "ಸ್ಪೋರ್ಟ್ಸ್ ಕೋಟಾಕ್ಕೆ ಬರುತ್ತಾ ಸರ್?" ಅಂತ. ಲೈಟ್ ಕಾಂಟ್ಯಾಕ್ಟ್‌ನಲ್ಲಿ ನಾಲ್ಕು ವರ್ಷ ಆಡಿಸುತ್ತೇನೆ ಅಂದರೆ ಪಕ್ಕದ ಬೀದಿಯ ಕ್ಲಾಸಿಗೆ ಹೋಗುತ್ತಾರೆ. ಅಲ್ಲಿ ಆರು ತಿಂಗಳಿಗೆ ರಿಂಗ್ ಹತ್ತಿಸುತ್ತಾರೆ, ಫೇಸ್‌ಬುಕ್‌ನಲ್ಲಿ ಫೋಟೋ ಬರುತ್ತದೆ.

ಆಯೋಜಕರ ಕಡೆಯಿಂದಲೂ ಹೇಳಲೇಬೇಕು. ಒಂದು ದಿನದ ಟೂರ್ನಮೆಂಟ್‌ಗೆ ಹಾಲ್ ಬಾಡಿಗೆ, ರಿಂಗ್ ಬಾಡಿಗೆ, ಲೈಟು, ಮೆಡಲು, ಊಟ, ರೆಫರಿಗಳ ಖರ್ಚು. ಬರುವುದು ಎಂಟ್ರಿ ಫೀ ಮಾತ್ರ. ಮೊದಲು ಕತ್ತರಿ ಬೀಳುವುದು ಡಾಕ್ಟರ್ ಮತ್ತು ಆಂಬುಲೆನ್ಸ್‌ಗೆ. "ಏನಾದರೂ ಆದರೆ 108ಕ್ಕೆ ಫೋನ್ ಮಾಡೋಣ" ಅಂದುಬಿಡುತ್ತಾರೆ. ಇದು ತಪ್ಪು ಅಂತ ಗೊತ್ತಿದ್ದೂ ನಾನು ಅಂಥ ಎರಡು ಪಂದ್ಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಏನೂ ಆಗಲಿಲ್ಲ. ಅದೃಷ್ಟ.

ಆದರೆ ಒಂದು ಮಾತು ಒಪ್ಪುವುದಿಲ್ಲ. 18 ಆಗುವವರೆಗೂ ತಲೆಗೆ ಏಟೇ ಬೇಡ ಅಂದರೆ, 18ಕ್ಕೆ ಮೊದಲ ಸಲ ಹತ್ತಿದವನು ಡಿಫೆನ್ಸ್ ಗೊತ್ತಿಲ್ಲದೆ ಜಾಸ್ತಿ ತಿನ್ನುತ್ತಾನೆ. ತಲೆ ಉಳಿಸಿಕೊಳ್ಳುವುದು ಕೂಡ ಕಲಿಯಬೇಕಾದ ವಿದ್ಯೆ.

ಹಳೇ ಲೈಟ್‌ವೇಟ್

ಮಾಸ್ಟರೇ, ತಲೆ ಉಳಿಸಿಕೊಳ್ಳಲು ಕಲಿಸುವುದಕ್ಕೆ ತಲೆಗೆ ಜೋರಾಗಿ ಹೊಡೆಯಲೇಬೇಕಾ? ಬಗ್ಗುವುದು, ತಪ್ಪಿಸುವುದು, ಕಾಲು ಇಡುವುದು, ಎಲ್ಲವನ್ನೂ ಮೆಲ್ಲಗೆ ತಟ್ಟುವ ಸ್ಪಾರಿಂಗ್‌ನಲ್ಲೇ ಕಲಿಸಬಹುದು. ಕ್ಯೊಕುಶಿನ್ ಕರಾಟೆ ನೋಡಿ, ಮೈಗೆ ಫುಲ್ ಕಾಂಟ್ಯಾಕ್ಟ್, ಆದರೆ ಕೈಯಿಂದ ಮುಖಕ್ಕೆ ಹೊಡೆಯುವಂತಿಲ್ಲ. ಗಟ್ಟಿತನಕ್ಕೆ ಅವರಲ್ಲಿ ಏನು ಕಡಿಮೆ?

ಕಿಕ್ ಮಾಸ್ಟರ್ 77

ಕಾಲಿನಿಂದ ತಲೆಗೆ ಹೊಡೆಯಬಹುದಲ್ಲ ಅದರಲ್ಲಿ. ಆದರೂ ನಿಮ್ಮ ಮಾತು ಅರ್ಥವಾಯಿತು. ನಮ್ಮ ಕ್ಲಾಸಿನಲ್ಲಿ 14ರ ಒಳಗಿನವರಿಗೆ ತಲೆಗೆ ಬರೀ ಮುಟ್ಟುವುದು ಅಂತ ಮಾಡಿದ್ದೇನೆ. ಜೋರಾಗಿ ಹೊಡೆದವರು ಆ ದಿನ ಸ್ಕಿಪ್ಪಿಂಗ್ ಮಾಡಬೇಕು. ಎಲ್ಲರಿಗಿಂತ ಹೆಚ್ಚು ಸ್ಕಿಪ್ಪಿಂಗ್ ಮಾಡಿದವನು ನನ್ನ ಮಗನೇ.

ಮ್ಯಾಂಚೆಸ್ಟರ್ ಮಳೆ

ತಡವಾಗಿ ಬಂದೆ. ಹಾಸನದವನು, ಹನ್ನೊಂದು ವರ್ಷದಿಂದ ಇಂಗ್ಲೆಂಡ್‌ನಲ್ಲಿ. ಎಲ್ಲ ಕಡೆ ರೂಲ್ಸ್ ಇದೆ, ನಮ್ಮಲ್ಲಿ ಮಾತ್ರ ಇಲ್ಲ ಅಂದುಕೊಳ್ಳಬೇಡಿ. ನಾನಿರುವ ಕಡೆಯಿಂದ ವಿಗನ್ ಅರ್ಧ ಗಂಟೆ ದಾರಿ. 2024ರ ಜೂನ್ ಕೊನೆಯಲ್ಲಿ ಅಲ್ಲಿ 15 ವರ್ಷದ ಹುಡುಗ ಕಿಕ್ ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಏಟು ಬಿದ್ದು ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ವಿಚಾರಣೆ ನಡೆಸಿದ ಕಾರೊನರ್ (ಇಂಥ ಸಾವಿನ ಕಾರಣ ವಿಚಾರಿಸುವ ಅಧಿಕಾರಿ), ಮಕ್ಕಳ ಫುಲ್ ಕಾಂಟ್ಯಾಕ್ಟ್ ಪಂದ್ಯಗಳಿಗೆ ಎಲ್ಲರಿಗೂ ಅನ್ವಯಿಸುವ ಸುರಕ್ಷತಾ ನಿಯಮವೇ ಇಲ್ಲ ಅಂತ ಸರ್ಕಾರಕ್ಕೆ ಪತ್ರ ಬರೆದರು. ಇಲ್ಲಿ ಶಾಲೆಯ ಟೂರ್‌ಗೆ ಮಗುವನ್ನು ಕಳಿಸಲು ನಾಲ್ಕು ಫಾರ್ಮ್ ತುಂಬಿಸುತ್ತಾರೆ. ಪಂದ್ಯಕ್ಕೆ ಮಾತ್ರ ಕೇಳುವವರಿಲ್ಲ.

ಆ ಸುದ್ದಿ ಬಂದ ವಾರ ನನ್ನ ಮಗನ ಕ್ಲಾಸಿನ ಹೊರಗೆ ಅಪ್ಪಂದಿರು ಕಾರಿನಲ್ಲಿ ಕೂತೇ ಇದ್ದರು, ಯಾರೂ ಇಳಿಯಲಿಲ್ಲ. ಒಳಗೆ ಮಕ್ಕಳು ಎಂದಿನಂತೆ ಕೂಗುತ್ತಿದ್ದವು.

ಗರಡಿ ಮಣ್ಣು

ನಮ್ಮದೇ ಇದೆಯಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕೆ-1 ಪಂದ್ಯದಲ್ಲಿ ಹೋದವನು ನಮ್ಮ ಮೈಸೂರಿನ ಹುಡುಗ. 23 ವರ್ಷ. ಮುಖಕ್ಕೆ ಒಂದು ಏಟು, ಬಿದ್ದವನು ಏಳಲಿಲ್ಲ. ಸ್ಥಳದಲ್ಲಿ ಡಾಕ್ಟರ್ ಇರಲಿಲ್ಲ, ಆಂಬುಲೆನ್ಸ್ ಇರಲಿಲ್ಲ ಅಂತ ಮನೆಯವರು ದೂರು ಕೊಟ್ಟರು. ನಿರ್ಲಕ್ಷ್ಯದ ಕೇಸ್ ಆಯಿತು. ಊರೆಲ್ಲ ಒಂದು ವಾರ ಅದೇ ಮಾತು. ಆಮೇಲೆ ಮರೆತೆವು.

ನಮ್ಮಲ್ಲಿ ವಜ್ರಮುಷ್ಟಿ ಕಾಳಗ ಇದೆ, ವಿಜಯದಶಮಿ ದಿನ ಅರಮನೆ ಅಂಗಳದಲ್ಲಿ. ಜಟ್ಟಿಗಳು ತಲೆ ಬೋಳಿಸಿಕೊಂಡು, ಕೈಗೆ ಮುಷ್ಟಿ ಹಾಕಿಕೊಂಡು ಇಳಿಯುತ್ತಾರೆ. ನೋಡಲು ಭಯ. ಆದರೆ ಒಬ್ಬನ ತಲೆಯಿಂದ ನೆತ್ತರು ಕಂಡ ತಕ್ಷಣ ಮುಗಿಯಿತು. ಕೆಲವು ವರ್ಷ ಅರೆ ನಿಮಿಷ ಕೂಡ ನಡೆಯುವುದಿಲ್ಲ, ಜನ ಕಣ್ಣು ಮಿಟುಕಿಸುವುದರಲ್ಲಿ ಮುಗಿದಿರುತ್ತದೆ. ಅಷ್ಟು ಹಳೆಯ ಆಟಕ್ಕೂ ಎಲ್ಲಿ ನಿಲ್ಲಿಸಬೇಕು ಅಂತ ಗೊತ್ತು.

ರಾತ್ರಿಪಾಳಿ

ಅಣ್ಣಾ, ಅಲ್ಲಿ ನೆತ್ತರು ಹೊರಗೆ ಕಾಣುತ್ತದೆ. ನಾನು ನೋಡುವ ನೆತ್ತರು ಸಿಟಿ ಸ್ಕ್ಯಾನ್‌ನಲ್ಲಿ ಮಾತ್ರ ಕಾಣುತ್ತದೆ. ಅದೇ ಕಷ್ಟ.

ಅದಕ್ಕೇ ಹೊರಗೆ ಕಾಣುವ ಗುರುತು ಎಲ್ಲರೂ ತಿಳಿದಿರಬೇಕು. ಪ್ರಜ್ಞೆ ತಪ್ಪಿದರೆ ಮಾತ್ರ ಕನ್‌ಕಷನ್, ಅಂದರೆ ಏಟಿಗೆ ಮಿದುಳು ಅಲುಗಾಡಿದ್ದು, ಅಂತ ಜನ ಅಂದುಕೊಂಡಿದ್ದಾರೆ. ಹಾಗಲ್ಲ, ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದೇ ಇಲ್ಲ. ಮಂಕಾಗಿ ನೋಡುವುದು, ಕೇಳಿದ್ದನ್ನೇ ಮತ್ತೆ ಕೇಳುವುದು, ಯಾವ ರೌಂಡ್ ಅಂತ ಮರೆಯುವುದು, ತಲೆ ಸುತ್ತು, ಬೆಳಕು ಕಂಡರೆ ಕಿರಿಕಿರಿ, ಕಾರಣ ಇಲ್ಲದೆ ಅಳು. ಇಷ್ಟರಲ್ಲಿ ಒಂದು ಕಂಡರೂ ಆ ದಿನದ ಆಟ ಮುಗಿಯಿತು. 2022ರಲ್ಲಿ ಆಮ್ಸ್‌ಟರ್‌ಡ್ಯಾಮ್‌ನಲ್ಲಿ ಸೇರಿದ ತಜ್ಞರು ಮತ್ತೆ ಅದನ್ನೇ ಹೇಳಿದರು, ಅನುಮಾನ ಬಂದರೂ ಸಾಕು, ಅದೇ ದಿನ ಮತ್ತೆ ಆಡಿಸಬೇಡಿ. ಮೊದಲು ಶಾಲೆಯ ಪಾಠ ಸರಾಗವಾಗಿ ನಡೆಯಲಿ, ಆಮೇಲೆ ಓಟ, ಆಮೇಲೆ ಒಬ್ಬರೇ ಮಾಡುವ ಪ್ರಾಕ್ಟೀಸು. ಡಾಕ್ಟರ್ ಸರಿ ಅಂದ ಮೇಲಷ್ಟೇ ಮೈಕೈ ತಾಗುವ ಆಟ. ಒಂದೊಂದು ಮೆಟ್ಟಿಲಿಗೆ ಕನಿಷ್ಠ ಒಂದು ದಿನ. ಮಕ್ಕಳಿಗೆ ಸಾಮಾನ್ಯವಾಗಿ ದೊಡ್ಡವರಿಗಿಂತ ಹೆಚ್ಚು ದಿನ ಬೇಕು.

ತಲೆನೋವು ಏರುತ್ತಾ ಹೋದರೆ, ಮತ್ತೆ ಮತ್ತೆ ವಾಂತಿ ಆದರೆ, ಒಂದು ಕಣ್ಣಿನ ಪಾಪೆ ದೊಡ್ಡದಾಗಿ ಕಂಡರೆ, ಮಾತು ತೊದಲಿದರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಒಂದು ನಿಮಿಷ ಕಾಯಬೇಡಿ. ಸಿಟಿ ಸ್ಕ್ಯಾನ್ ಮತ್ತು ನ್ಯೂರೋ ಸರ್ಜನ್ ಇರುವ ಆಸ್ಪತ್ರೆಗೇ ಹೋಗಿ. ಅದಕ್ಕೇ ಪಂದ್ಯಕ್ಕೆ ಮೊದಲೇ ಆಯೋಜಕರನ್ನು ಕೇಳಬೇಕು, ಅಂಥ ಆಸ್ಪತ್ರೆ ಹತ್ತಿರದಲ್ಲಿ ಯಾವುದು ಅಂತ. ಬಿದ್ದ ಮೇಲೆ ಗೂಗಲ್ ನೋಡುವುದಲ್ಲ. ಮೊದಲು ಚೆನ್ನಾಗಿ ಮಾತಾಡಿಕೊಂಡಿದ್ದು, ಬಸ್ಸಿನಲ್ಲಿ ಮಲಗಿದವರು ಏಳದೇ ಹೋಗುವುದೂ ಉಂಟು.

ಇನ್ನೊಂದು, ಮೊದಲ ಪೆಟ್ಟು ಮಾಗುವ ಮುಂಚೆ ಎರಡನೆಯದು ಬಿದ್ದರೆ ಮಿದುಳು ಒಮ್ಮೆಲೇ ಊದಿಕೊಳ್ಳಬಹುದು. ತುಂಬ ಅಪರೂಪ. ಆದರೆ ಕಂಡದ್ದೆಲ್ಲ ಬಹುತೇಕ ಚಿಕ್ಕ ವಯಸ್ಸಿನವರಲ್ಲೇ. ರೆಫರಿ ಸರ್ ಹೇಳಿದ "ಮುಂದಿನ ಭಾನುವಾರ ಇನ್ನೊಂದು ಊರು" ಕೇಳಿ ನನಗೆ ಮೈ ನಡುಗಿದ್ದು ಅದಕ್ಕೇ.

ನೀಲಿ ಕಾರ್ನರ್

ಯಾರೂ ತೂಕ ಇಳಿಸುವುದರ ಬಗ್ಗೆ ಮಾತಾಡಲಿಲ್ಲ. 42 ಕೆಜಿ ಹುಡುಗನನ್ನು 40ಕ್ಕೆ ಇಳಿಸಲು ಎರಡು ದಿನ ನೀರು ಕೊಡದೆ, ರೇನ್‌ಕೋಟ್ ಹಾಕಿಸಿ ಬಿಸಿಲಲ್ಲಿ ಓಡಿಸುವುದನ್ನು ನೋಡಿದ್ದೇನೆ. ಬೆಳಿಗ್ಗೆ ತೂಕ ಹಾಕುವ ಸಾಲಿನಲ್ಲಿ ನಿಂತು ಉಗುಳುತ್ತಿದ್ದ, ಉಗುಳಿನ ತೂಕವೂ ಹೋಗಲಿ ಅಂತ. 1997ರಲ್ಲಿ ಅಮೆರಿಕದಲ್ಲಿ ಹೀಗೇ ತೂಕ ಇಳಿಸುತ್ತಾ ಒಂದು ತಿಂಗಳ ಆಸುಪಾಸಿನಲ್ಲಿ ಮೂವರು ಕಾಲೇಜು ಕುಸ್ತಿಪಟುಗಳು ಸತ್ತರು. ಆಮೇಲೆ ಅಲ್ಲಿ ರೂಲ್ಸ್ ಬದಲಾಯಿತು. 2015ರಲ್ಲಿ ಒನ್ ಚಾಂಪಿಯನ್‌ಶಿಪ್ ಅನ್ನುವ ಫೈಟಿಂಗ್ ಸಂಸ್ಥೆಯಲ್ಲಿ 21 ವರ್ಷದ ಫೈಟರ್ ತೂಕ ಇಳಿಸುತ್ತಾ ಪಂದ್ಯಕ್ಕೆ ಮೊದಲೇ ತೀರಿಕೊಂಡ. ಆಮೇಲೆ ಅವರು ಮೂತ್ರ ಪರೀಕ್ಷೆ ಮಾಡಿ ಮೈಯಲ್ಲಿ ನೀರಿದೆಯಾ ಅಂತ ನೋಡಲು ಶುರು ಮಾಡಿದರು. ಬೆಳೆಯುವ ಮಗುವಿಗೆ ತೂಕ ಇಳಿಸಿ ಅಂದ ಕೋಚ್ ಹತ್ತಿರ ಮಾತು ಬೆಳೆಸಬೇಡಿ, ಚೀಲ ತೆಗೆದುಕೊಂಡು ಬನ್ನಿ.

ಇನ್ನು ಪಂದ್ಯ ನಿಲ್ಲಿಸುವುದು. ನಾನು ಬೇಗ ನಿಲ್ಲಿಸುತ್ತೇನೆ ಅಂತ ಹೆಸರು ಕೆಡಿಸಿಕೊಂಡವನು. ನಿಲ್ಲಿಸಿದಾಗ ಮೊದಲು ಬೈಯುವುದು ಸೋತ ಹುಡುಗ ಅಲ್ಲ, ಅವನ ಅಪ್ಪ. ಒಬ್ಬರು ಚಪ್ಪಲಿ ಎತ್ತಿದ್ದರು. ಕಾರ್ನರ್‌ನಲ್ಲಿ ಟವೆಲ್ ಇರುವುದು ಬೆವರು ಒರೆಸಲು ಅಂತ ಕೋಚ್‌ಗಳು ಅಂದುಕೊಂಡಿದ್ದಾರೆ. ಸಾಕು, ಪಂದ್ಯ ನಿಲ್ಲಿಸಿ ಅಂತ ಅದನ್ನು ರಿಂಗಿಗೆ ಎಸೆದವರನ್ನು ಈ ಹದಿನೈದು ವರ್ಷದಲ್ಲಿ ಬೆರಳಲ್ಲಿ ಎಣಿಸಬಹುದು.

ಬೆಣ್ಣೆದೋಸೆ ಅಪ್ಪ

ಇವತ್ತು ಸಂಜೆ ಕ್ಲಾಸಿಗೆ ಹೋಗಿ ಕೂತು ನೋಡಿದೆ. ಮಾಸ್ಟರ್ ಕೆಟ್ಟವರಲ್ಲ, ಮಕ್ಕಳ ಮೇಲೆ ಪ್ರೀತಿ ಇದೆ. ನೇರವಾಗಿ ಕೇಳಿದೆ. ಜೋಡಿ ಯಾರು ಅಂದೆ. "ಅಲ್ಲಿ ಹೋದ ಮೇಲೆ ಗೊತ್ತಾಗುತ್ತೆ" ಅಂದರು. ಡಾಕ್ಟರ್ ಇರುತ್ತಾರಾ ಅಂದೆ. "ಇರ್ತಾರೆ, ಇರಲೇಬೇಕು" ಅಂದರು. ಯಾರು ಅಂದೆ. ಫೋನ್ ತೆಗೆದು ಆಯೋಜಕರಿಗೆ ಮಾಡಿದರು. ಅವರು ಒಬ್ಬ ಫಿಸಿಯೋ ಬರುತ್ತಾರೆ ಅಂದರು. ಅವಳು ಮಂಕಾದರೆ ನೀವು ಟವೆಲ್ ಎಸೆಯುತ್ತೀರಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು "ಅವಳು ಬೇಡ ಅಂತಾಳೆ ಸರ್" ಅಂದರು.

ಅವಳು ಬೇಡ ಅನ್ನುತ್ತಾಳೆ, ಅದು ನನಗೂ ಗೊತ್ತು.

ಹೆಂಡತಿ ಜೊತೆ ಕೂತು ಮಾತಾಡಿದೆವು. ಹೋಗೋಣ, ತೂಕ ಹಾಕಿಸೋಣ, ಜೋಡಿ ನೋಡೋಣ, ಸರಿಯಿಲ್ಲ ಅಂದರೆ ವಾಪಸ್ ಬರೋಣ ಅಂತ. ಸಹಿ ಇನ್ನೂ ಹಾಕಿಲ್ಲ. ಡಬ್ಬಿ ಮಾತ್ರ ಕೆಳಗಿಳಿದಿದೆ.

ರಾತ್ರಿಪಾಳಿ

ಫಿಸಿಯೋ ಮೊಣಕಾಲಿಗೆ. ತಲೆಗಲ್ಲ. ನನ್ನನ್ನು ಕೇಳಿದರೆ ಡಾಕ್ಟರ್ ಇಲ್ಲದ ಕಡೆ ಹೋಗುವುದೇ ಬೇಡ. ಆದರೆ ಮಗು ನಿಮ್ಮದು.

ಬೆಣ್ಣೆದೋಸೆ ಅಪ್ಪ (ನಾಲ್ಕು ವಾರದ ನಂತರ)

ಹೋಗಿದ್ದೆವು. ಈಗ ವಾಪಸ್ ಬರುತ್ತಾ ಬಸ್ಸಿನಲ್ಲಿ ಬರೆಯುತ್ತಿದ್ದೇನೆ.

ಹಳೇ ಲೈಟ್‌ವೇಟ್ ಸರ್, ನೀವು ಹೇಳಿದ ಮಾತನ್ನೇ ಅವರು ಮೈಕಿನಲ್ಲಿ ಹೇಳಿದರು. ಎಂಟ್ರಿ ಕಡಿಮೆ, ಎರಡು ಕ್ಯಾಟಗರಿ ಸೇರಿಸಿದ್ದೇವೆ. ನನ್ನ ಮಗಳು 39.4. ಎದುರಿನ ಹುಡುಗಿ 45.8. ಅವಳ ಭುಜ ನೋಡಿದೆ, ಗರಡಿ ಅಣ್ಣ ಹೇಳಿದ ಹಾಗೆ ಕತ್ತೂ ನೋಡಿದೆ. ಎಷ್ಟು ಪಂದ್ಯ ಆಡಿದ್ದೀಯಮ್ಮ ಅಂತ ಕೇಳಿದೆ. ಹನ್ನೆರಡು ಅಂಕಲ್ ಅಂದಳು, ಪಾಪ, ನಗುತ್ತಾ. ಈ ಜೋಡಿ ಬೇಡ ಅಂತ ಟೇಬಲ್ ಹತ್ತಿರ ಹೋಗಿ ಹೇಳಿದೆ. ಎಂಟ್ರಿ ಫೀ ವಾಪಸ್ ಇಲ್ಲ ಅಂದರು. ಇರಲಿ ಅಂದೆ. ಮಾಸ್ಟರ್ ಏನೂ ಹೇಳಲಿಲ್ಲ, ಅವಳ ಗ್ಲೌಸ್ ಬಿಚ್ಚಿದರು.

ಮಗಳು ನನ್ನ ಜೊತೆ ಮಾತಾಡುತ್ತಿಲ್ಲ. ಕಿಟಕಿ ಪಕ್ಕ ಕೂತು ಮುಖ ತಿರುಗಿಸಿಕೊಂಡಿದ್ದಾಳೆ. ಚಿತ್ರದುರ್ಗದಲ್ಲಿ ಮಂಡಕ್ಕಿ ಮಿರ್ಚಿ ಕೊಡಿಸಿದೆ. ಮಿರ್ಚಿ ತಿಂದಳು, ಮಾತು ಮಾತ್ರ ಇಲ್ಲ.

ಗರಡಿ ಮಣ್ಣು

ತಿಂದಳಲ್ಲ, ಮಾತೂ ಬರುತ್ತದೆ. ಒಳ್ಳೆಯ ಕೆಲಸ ಮಾಡಿದಿರಿ ಅಣ್ಣಾ.

ನೀಲಿ ಕಾರ್ನರ್

ಒಂದು ಕೇಳಲಾ? ಆ 45.8 ಕೆಜಿ ಹುಡುಗಿಗೆ ಆಮೇಲೆ ಯಾರನ್ನು ಜೋಡಿ ಹಾಕಿದರು? ಸುಮ್ನೆ ಬಿಟ್ಟಿರುವುದಿಲ್ಲ.

ಬೆಣ್ಣೆದೋಸೆ ಅಪ್ಪ

ಇನ್ನೊಬ್ಬಳು ಇದ್ದಳು ಸರ್, 41 ಕೆಜಿ. ಅವರಪ್ಪ ನನ್ನ ಪಕ್ಕದಲ್ಲೇ ನಿಂತಿದ್ದರು, ಟ್ರಾಕ್ಟರ್ ಓಡಿಸುತ್ತಾರಂತೆ. ಇಷ್ಟು ದೂರ ಬಂದಿದ್ದೇವೆ ಅಂತ ಸಹಿ ಹಾಕಿದರು. ಎರಡನೇ ರೌಂಡಿನಲ್ಲಿ ಆ ಮಗುವಿಗೆ ಕಿವಿ ಹತ್ತಿರ ಕಿಕ್ ಬಿತ್ತು, ಕೂತುಬಿಟ್ಟಳು. ಎದ್ದಳು. ನಿಲ್ಲಿಸಿದರು. ನಡೆದುಕೊಂಡೇ ಕೆಳಗೆ ಬಂದಳು. ಫಿಸಿಯೋ ಐಸ್ ಇಟ್ಟರು. ನಾನು ಡಾಕ್ಟರ್‌ಗೆ ತೋರಿಸಿ ಅಂದೆ. ಆರು ಗಂಟೆ ಬಸ್ ತಪ್ಪುತ್ತದೆ ಅಂದರು.

ರಾತ್ರಿಪಾಳಿ

ಅವರ ನಂಬರ್ ಇದೆಯಾ?

ಬೆಣ್ಣೆದೋಸೆ ಅಪ್ಪ

ಇದೆ ಸಿಸ್ಟರ್. ಮಕ್ಕಳ ಫೋಟೋ ಕಳಿಸಲು ತಗೊಂಡಿದ್ದೆ.

ರಾತ್ರಿಪಾಳಿ

ಈಗಲೇ ಫೋನ್ ಮಾಡಿ. ಹುಡುಗಿ ಏನು ಮಾಡುತ್ತಿದ್ದಾಳೆ ಕೇಳಿ. ವಾಂತಿ ಆಯಿತಾ ಕೇಳಿ. ಮಲಗಿದ್ದರೆ ಎಬ್ಬಿಸಿ ಮಾತಾಡಿಸಲು ಹೇಳಿ. ನೋವಿಗೆ ಆಸ್ಪಿರಿನ್, ಬ್ರುಫೆನ್ ಏನೂ ಕೊಡುವುದು ಬೇಡ.

ಬೆಣ್ಣೆದೋಸೆ ಅಪ್ಪ

ಮಾಡಿದೆ. ಇನ್ನೂ ಬಸ್ಸಿನಲ್ಲೇ ಇದ್ದಾರೆ. ಮಲಗಿದ್ದಳಂತೆ, ಎಬ್ಬಿಸಿದರು. ಹೆಸರು, ಊರು ಸರಿಯಾಗಿ ಹೇಳಿದಳು. ಹತ್ತಿದ ಮೇಲೆ ಎರಡು ಸಲ ವಾಂತಿ ಆಗಿದೆ, ಬಸ್ಸಿಗೆ ಆಗುವುದು ಮಾಮೂಲಿ ಅಂತಾರೆ ಅವರಪ್ಪ. ಯಾರ ಜೊತೆ ಆಡಿದೆ ಅಂತ ಕೇಳಿಸಿದೆ. ಇನ್ನೂ ಆಡಿಲ್ಲ ಅಂದಳಂತೆ. ಬೆಳಿಗ್ಗೆ ಊರಿನ ಡಾಕ್ಟರ್‌ಗೆ ತೋರಿಸುತ್ತೇವೆ ಅಂತಿದ್ದಾರೆ.

ರಾತ್ರಿಪಾಳಿ

ಬೆಳಿಗ್ಗೆ ಅಲ್ಲ. ಬಸ್ ಈಗ ಎಲ್ಲಿದೆ ಕೇಳಿ. ನನ್ನ ನಂಬರ್ ನಿಮಗೆ ಮೆಸೇಜ್ ಮಾಡಿದ್ದೇನೆ, ಅವರಿಗೆ ಕೊಡಿ. ನಾನು ಡ್ಯೂಟಿಯಲ್ಲೇ ಇದ್ದೇನೆ.